ಹಿಂದಿನ ಹಲಗೆ

ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮೌಲಾಲಿ ತಾನೇ ಒಂದು ಸ್ಪೀಕರ್ ಬಾಕ್ಸ್ ಮಾಡಿದ. ಮುಂದೆ ದಪ್ಪ ಪ್ಲೈವುಡ್ ಹಾಕಿದವನು, ಹಿಂದೆ ಯಾರು ನೋಡುತ್ತಾರೆಂದು ಹಳೆಯ ಬೀರುವಿನ ತೆಳು ಹಲಗೆ ಹೊಡೆದ. ಹಾಡು ಹಚ್ಚಿದ ಕೂಡಲೇ ಬಾಕ್ಸ್ ಗೊರಗೊರ ಎಂದಿತು.

"ಹಲಗೆಯವರೇ, ನಾನು ಹಾಡುವಾಗ ನೀವೇಕೆ ಬಾಯಿ ಹಾಕುತ್ತೀರಿ?" ಎಂದು ಸ್ಪೀಕರ್ ಕೇಳಿತು.

"ನಿಮಗೆ ದನಿ ಕೂಡಿಸುತ್ತಿದ್ದೇನೆ. ಇಪ್ಪತ್ತು ವರ್ಷ ಬೀರುವಿನಲ್ಲಿ ಸುಮ್ಮನಿದ್ದೆ. ಇನ್ನು ನನ್ನಿಂದಾಗದು" ಎಂದಿತು ಹಲಗೆ.

"ನೀವು ಕೂಡಿಸಿದ್ದರಲ್ಲಿ ನನ್ನ ಹಾಡೇ ಮುಳುಗಿತಲ್ಲ!"

ಮೌಲಾಲಿ ಹಲಗೆಯನ್ನು ಬೆರಳಿನಿಂದ ಬಡಿದು ನೋಡಿದ. "ನಾಳೆ ಮದುವಿಗೆ ಇದನ್ನ ಹಿಂಗ ಒಯ್ದರ ನನ್ನ ಮರ್ಯಾದಿ ಉಳಿಯೂದಿಲ್ಲ" ಎಂದು ಗರಗಸ ತೆಗೆದುಕೊಂಡ. ಹಲಗೆಗೆ ಜೀವವೇ ಬಾಯಿಗೆ ಬಂತು. ಆದರೆ ಅವನು ಕೊಯ್ದದ್ದು ಬೇರೊಂದು ಮರದ ಪಟ್ಟಿಯನ್ನು. ಅದನ್ನು ಹಲಗೆಯ ಒಳಮೈಗೆ ಅಡ್ಡಲಾಗಿ ಸ್ಕ್ರೂ ಹಾಕಿ ಬಿಗಿದ. ಗೊರಗೊರ ನಿಂತಿತು.

ಮದುವೆಯಲ್ಲಿ ಹಾಡು ಚಪ್ಪರದ ಕೊನೆಯವರೆಗೂ ನಿಚ್ಚಳವಾಗಿ ಕೇಳಿತು. ಮದುಮಗನ ಸೋದರಮಾವ ಬಂದು ಹಿಂದಿನ ಹಲಗೆಯನ್ನೇ ತಟ್ಟಿ, "ಬಾಕ್ಸ್ ಅಂದ್ರ ಇದು ನೋಡಪಾ, ಮೌಲಾಲಿ!" ಎಂದ.

ಹಲಗೆಯ ನಾಲಿಗೆಯ ತುದಿಗೆ ಮಾತು ಬಂತು. ಹಾಡು ಇನ್ನೂ ನಡೆದಿತ್ತು. ಹಲಗೆ ಮಾತನ್ನು ನುಂಗಿಕೊಂಡಿತು.