ಭರಮನ ಬೆನ್ನಿಗೆ ಎಷ್ಟು ಬಣವೆ?

ಒಂದು ಕಾಡಿನಲ್ಲಿ ಭರಮನೆಂಬ ಕಾಡುಕೋಣವಿತ್ತು. ಆ ಕಾಡಿನ ಗುಡ್ಡದ ಮೇಲೆ ಸಿಂಹರಾಜ ಕೋಟೆ ಕಟ್ಟಿಸುತ್ತಿತ್ತು. ಕೋಣ ಅಲ್ಲಿಗೆ ಕಲ್ಲು ಹೊರುತ್ತಿತ್ತು. ಕೆಲಸ ವಹಿಸಿಕೊಂಡಿದ್ದ ಮೇಸ್ತ್ರಿ ಒಂದು ನರಿ. ದುಡಿದವರಿಗೆ ಅದು ಹುಲ್ಲನ್ನೇ ಕೂಲಿಯಾಗಿ ಕೊಡುತ್ತಿತ್ತು.

ಒಂದು ದಿನ ನರಿ ದೊಡ್ಡ ಕಲ್ಲೊಂದನ್ನು ತೋರಿಸಿತು.

“ಇದನ್ನು ಇಬ್ಬರು ಹೊರಬೇಕು ಮೇಸ್ತ್ರಿ,” ಎಂದಿತು ಕೋಣ.

“ಇಬ್ಬರಿಗೆ ಕೂಲಿ ಕೊಟ್ಟರೆ ನನಗೇನು ಉಳಿಯುತ್ತೆ? ನಡಿ ನಡಿ, ಮಳೆ ಬರೋದರೊಳಗೆ ಗೋಡೆ ಏಳಬೇಕು.”

ಕೋಣ ಹೊತ್ತಿತು. ಅರ್ಧ ಗುಡ್ಡ ಏರುವಷ್ಟರಲ್ಲಿ ಅದರ ಬೆನ್ನಿನೊಳಗೆ ಲಟಕ್ಕೆಂದು ಸದ್ದಾಯಿತು. ಕಲ್ಲು ಉರುಳಿ ಹೋಯಿತು. ಕೋಣ ಅಲ್ಲೇ ಕುಸಿಯಿತು. ಅದರ ಹೆಂಡತಿ ನಿಂಗಿಯೂ ಜೊತೆಗಾರರೂ ನೂಕಿ ನೂಕಿ ಎಬ್ಬಿಸಿ ಕರೆತಂದರು.

ಎರಡು ಮಳೆಗಾಲ ಕಳೆಯಿತು. ಬೇರಿನ ಕಷಾಯ, ಸೊಪ್ಪಿನ ಪಟ್ಟು ಯಾವುದೂ ನಾಟಲಿಲ್ಲ. ಕತ್ತು ಬಗ್ಗಿಸಿ ಮೇಯಲೂ ಕೋಣಕ್ಕೆ ಆಗುತ್ತಿರಲಿಲ್ಲ.

ಆ ಕಾಡಿನಲ್ಲಿ ಒಂದು ಕಟ್ಟಳೆಯಿತ್ತು. ದುಡಿಯುವಾಗ ಮೈ ಊನವಾದರೆ ದುಡಿಸಿದವರು ಒಂದೇ ಸಲಕ್ಕೆ ಪರಿಹಾರ ಕೊಡಬೇಕು. ಎಷ್ಟೆಂಬುದನ್ನು ಪಂಚಾಯಿತಿಯ ಮುಖ್ಯಸ್ಥೆ ಆನೆಯಜ್ಜಿ ವಿಚಾರಿಸಿ ಹೇಳಬೇಕು. ನಿಂಗಿ ಹೋಗಿ ದೂರು ಕೊಟ್ಟಿತು.

ಪಂಚಾಯಿತಿ ಸೇರಿತು. ನರಿ ಗಂಟಲು ಸರಿಮಾಡಿಕೊಂಡಿತು.

“ಅಜ್ಜೀ, ಇವನಿಗೆ ಏನೂ ಆಗಿಲ್ಲ. ಬರೀ ನಾಟಕ. ಹೋಗಲಿ ಪಾಪ, ಒಂದು ಬಣವೆ ಹುಲ್ಲು ಕೊಡ್ತೀನಿ. ಮುಗಿಸಿಬಿಡಿ.”

“ನಾಟಕ ಅನ್ನೋದಕ್ಕೆ ಸಾಕ್ಷಿ ಯಾರು?”

“ನಾನೇ! ಮೂರು ದಿನ ಪೊದೆಯಲ್ಲಿ ಕೂತು ನೋಡಿದ್ದೀನಿ. ನಿನ್ನೆ ಬೆಳಿಗ್ಗೆ ನಡೆದುಕೊಂಡೇ ಹಳ್ಳಕ್ಕೆ ಬಂದ. ಆರಾಮಾಗಿ ಮಂಡಿಯೂರಿ ನೀರು ಕುಡಿದ. ಮಧ್ಯಾಹ್ನದವರೆಗೂ ತಂಪಾಗಿ ಅಲ್ಲೇ ಇದ್ದ.”

ಆನೆಯಜ್ಜಿ ಕಿವಿ ಬೀಸುವುದನ್ನು ನಿಲ್ಲಿಸಿತು.

“ಕೋಣ ಮಂಡಿಯೂರಿ ನೀರು ಕುಡಿಯೋದನ್ನು ನೀನು ಇದಕ್ಕೆ ಮುಂಚೆ ಎಲ್ಲಾದರೂ ನೋಡಿದ್ದೀಯಾ?”

ನರಿ ಬಾಲ ಮುದುರಿಕೊಂಡಿತು.

“ಮಧ್ಯಾಹ್ನ ಹೇಗೆ ಎದ್ದ?”

“ಅದು... ಹೆಂಡತಿ ಬಂದು ಎತ್ತಿ ನಿಲ್ಲಿಸಿದಳು.”

ಬಾಯಿ ತಪ್ಪಿ ಬಂದ ಮಾತನ್ನು ನುಂಗಲು ನರಿ ನೋಡಿತು. ಆಗಲಿಲ್ಲ. ಎಲ್ಲರೂ ಕೋಣದ ಕಡೆ ತಿರುಗಿದರು. ಅದಕ್ಕೆ ನಾಚಿಕೆಯಿಂದ ತಲೆ ತಗ್ಗಿಸಬೇಕೆನಿಸಿತು. ಅದೂ ಆಗಲಿಲ್ಲ.

ಆನೆಯಜ್ಜಿ ಹೇಳಿತು: “ಭರಮ ಇನ್ನೂ ಹನ್ನೆರಡು ವರ್ಷ ದುಡಿಯುವವನಿದ್ದ. ಇನ್ನು ಮುಂದೆ ಸೊಪ್ಪಿನ ಹೊರೆಯನ್ನೂ ಹೊರಲಾರ. ವರ್ಷಕ್ಕೊಂದರಂತೆ ಹನ್ನೆರಡು ಬಣವೆ. ಇವತ್ತೇ ಹಾಕಿಸು.”

“ವರ್ಷ ವರ್ಷ ಕೊಡ್ತೀನಿ ಅಜ್ಜೀ!”

“ಸುಳ್ಳು ಹೇಳಿದ ಬಾಯಿಂದ ವಾಯಿದೆ ಬೇಡ.”

ನರಿಯ ಬಳಿ ಇದ್ದದ್ದೇ ಹನ್ನೆರಡು ಬಣವೆ. ಕೂಲಿ ಕೊಡಲು ಒಂದು ಕಡ್ಡಿಯೂ ಉಳಿಯಲಿಲ್ಲ. ಅದರ ಕೈಕೆಳಗೆ ದುಡಿಯಲು ಯಾರೂ ಬರಲಿಲ್ಲ. ಗೋಡೆ ಅರ್ಧಕ್ಕೇ ನಿಂತಿತು. ಸಿಟ್ಟಿಗೆದ್ದ ಸಿಂಹರಾಜ ನರಿಯನ್ನು ಕಾಡಿನಿಂದಲೇ ಓಡಿಸಿತು.

ತೀರ್ಪಾದ ದಿನವೇ ಸಂಜೆ ಕೋಣದ ಮುಂದೆ ಬಣವೆಗಳು ಸಾಲಾಗಿ ನಿಂತವು.

“ಇನ್ನು ಹೊಟ್ಟೆಯ ಚಿಂತೆ ಇಲ್ಲ ಕಣ್ರೀ,” ಎಂದಿತು ನಿಂಗಿ.

ಕೋಣ ಬಹಳ ಹೊತ್ತು ಬಣವೆಗಳನ್ನೇ ನೋಡಿತು. ಆಮೇಲೆ ಮೆಲ್ಲಗೆ ಹೇಳಿತು: “ಇಷ್ಟೂ ವಾಪಸ್ ಕೊಟ್ಟುಬಿಡ್ತೀನಿ ನಿಂಗಿ. ಒಂದೇ ಒಂದು ದಿನ, ಮೊದಲಿನ ಹಾಗೆ ಗುಡ್ಡ ಹತ್ತೋಕೆ ಆಗೋ ಹಾಗಿದ್ದರೆ.”

ನಿಂಗಿ ಅದರ ಪಕ್ಕದಲ್ಲಿ ಮೈಗೆ ಮೈ ತಾಗಿಸಿ ನಿಂತುಕೊಂಡಿತು.

ನೀತಿ: ದುಡಿದು ಊನವಾದವರ ನೋವನ್ನು ನಾಟಕವೆನ್ನುವವರು ತಮ್ಮ ಬಾಯಿಂದಲೇ ಕೆಡುತ್ತಾರೆ. ಪರಿಹಾರ ಎಷ್ಟು ಕೊಡಿಸಿದರೂ, ಮುರಿದ ಬೆನ್ನನ್ನು ಯಾರೂ ಮರಳಿ ಕೊಡಲಾರರು.