ರೆಪ್ಪೆ ಬಡಿಯದ ರಾಣಿ

ಇದನ್ನು ಸುಳ್ಳು ಅನ್ನುವವರಿದ್ದರೆ ಈಗಲೇ ಎದ್ದು ನನ್ನ ಮುಖಕ್ಕೇ ಅನ್ನಲಿ. ಅಳಿವೆಕೋಟೆಯ ಕತ್ತಲೆ ಚಾವಡಿಯಲ್ಲಿ ನಿಂತು ಬಂದವನು ನಾನು, ಬೆಸ್ತರ ಕೇರಿಯ ಕೊಗ್ಗ. ನನ್ನಷ್ಟು ದೂರ ಬಲೆ ಬೀಸುವವನಿಲ್ಲ, ನನ್ನಷ್ಟು ಬಾಯಿ ಮಾಡುವವನೂ ಇಲ್ಲ ಅಂತ ಊರೇ ಹೇಳುತ್ತದೆ. ಎರಡನೆಯದನ್ನು ಅವರು ಬೈಗುಳ ಅಂದುಕೊಂಡಿದ್ದರು. ನನ್ನ ತಲೆ ಉಳಿಸಿದ್ದು ಅದೇ ಬಾಯಿ.

ಡಂಗುರ ಹೀಗಿತ್ತು: "ಕೇಳಿರಪ್ಪೋ ಕೇಳಿ. ಹೊಳೆ ಕಡಲು ಸೇರುವ ಅಳಿವೆಕೋಟೆಯ ರಾಣಿಯವರ ಅಪ್ಪಣೆ. ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವನೂ ಸುಮ್ಮನೆ ನಿಂತವನೂ ಚಾವಡಿಯ ಮೆಟ್ಟಿಲಿಳಿದು ನೀರಿಗೆ ಹೋಗಬೇಕು. ಯಾರೂ ದೀಪ ತರಕೂಡದು."

ಹೋದ ವರ್ಷ ಇದೇ ಡಂಗುರ ಕೇಳಿ ನನ್ನ ಅಣ್ಣ ದುಗ್ಗ ಹೋದ. ಹೊಸ ದೋಣಿ ಕೇಳಿಕೊಂಡು ಬರುತ್ತೇನೆ ಅಂದಿದ್ದ. ಬರಲಿಲ್ಲ. ನೀರಿಗೆ ಬಿದ್ದವರು ಮೂರನೇ ದಿನ ತೇಲುತ್ತಾರೆ, ಅವನು ತೇಲಲೂ ಇಲ್ಲ. ಅತ್ತಿಗೆ ಕರಿಮಣಿ ತೆಗೆಯಲಿಲ್ಲ. "ಹೆಣ ತಂದುಕೊಡು ಕೊಗ್ಗ, ಆಮೇಲೆ ಅಳುತ್ತೇನೆ" ಅಂದಳು.

"ಹೆಣ ಯಾಕೆ ಅತ್ತಿಗೆ, ಅಣ್ಣನನ್ನೇ ತರುತ್ತೇನೆ" ಅಂದು ಹೊರಟೆ.

ಹೊರಗೆ ಸುಡುವ ಮಧ್ಯಾಹ್ನ. ಚಾವಡಿಗೆ ಕಿಟಕಿಯಿಲ್ಲ. ಅರ್ಧ ಕಲ್ಲುನೆಲ, ಅರ್ಧ ನೀರು. ಬಾಗಿಲು ಕಾಯುವ ಮುದುಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಮೊದಲು ಇಲ್ಲಿ ದೊರೆ ಇದ್ದರು ಮಗಾ. ಸತ್ತದ್ದನ್ನು ಯಾರೂ ಕಾಣಲಿಲ್ಲ. ಒಂದು ಮಳೆಗಾಲ ಕಳೆದು ಕದ ತೆಗೆದರೆ ರಾಣಿ ಕೂತಿದ್ದರು. ದನಿ ಮಾತ್ರ ದೊರೆಯದೇ."

ಒಳಗೆ ನಾವು ಮೂವರು: ಪಾಳೆಗಾರನ ಮಗ, ಒಬ್ಬರು ಶಾಸ್ತ್ರಿಗಳು, ನಾನು. ನೀರಿನ ಕಡೆಯಿಂದ ದನಿ ಬಂತು.

"ಒಬ್ಬನಿಗೆ ಒಂದೇ ಉತ್ತರ. ಅವಸರವಿಲ್ಲ, ಮೂರನ್ನೂ ಕೇಳಿ ಹೇಳಬಹುದು. ಮೊದಲನೆಯದು. ಗಂಡನ ಮನೆಯಲ್ಲಿ ಸಿಹಿನೀರು ಕುಡಿದು ಬೆಳೆದವಳು ಹೆರಿಗೆಗೆ ತವರಿಗೆ ಓಡುತ್ತಾಳೆ. ತವರಿನಲ್ಲಿ ಕುಡಿಯಲು ಹನಿ ಸಿಹಿನೀರಿಲ್ಲ. ಯಾರವಳು?"

ಪಾಳೆಗಾರನ ಮಗ ನಕ್ಕ. "ಇದೂ ಒಂದು ಒಗಟೇ? ಹೊಳೆ."

"ಹೊಳೆ ಹೋಗುವುದು ನಿಜ. ಹೆರುವುದನ್ನು ಕಂಡೆಯಾ?"

ಅವನ ಕಾಲು ತಾನಾಗಿಯೇ ನಡೆಯಿತು. ನಾಲ್ಕು ಮೆಟ್ಟಿಲಿನ ಸದ್ದು ಕೇಳಿತು. ಐದನೆಯದು ಕೇಳಲಿಲ್ಲ.

"ಎರಡನೆಯದು. ಮೊದಲು ಅಪ್ಪನಾದ, ಆಮೇಲೆ ಅಮ್ಮನಾದ. ನಡುವೆ ಸಾಯಲಿಲ್ಲ, ಮತ್ತೆ ಹುಟ್ಟಲಿಲ್ಲ."

ಶಾಸ್ತ್ರಿಗಳಿಗೆ ತಡೆಯಲಾಗಲಿಲ್ಲ. "ಅರ್ಧನಾರೀಶ್ವರ" ಅಂದರು.

"ಅವನು ಏಕಕಾಲಕ್ಕೆ ಎರಡೂ. ನಾನು ಮೊದಲು, ಆಮೇಲೆ ಅಂದೆ." ಮತ್ತೆ ನಾಲ್ಕು ಸದ್ದು.

ನನ್ನ ಬೆನ್ನಲ್ಲಿ ಬೆವರು ತಣ್ಣಗಾಯಿತು. ಹೆದರಿದೆ ಅಂತಲ್ಲ, ಅಲ್ಲಿ ಸೆಕೆ ಇರಲಿಲ್ಲ, ಅಷ್ಟೆ.

"ಮೂರನೆಯದು, ಬೆಸ್ತರ ಹುಡುಗ. ಕಣ್ಣಿಗೆ ರೆಪ್ಪೆಯಿಲ್ಲ, ನಿದ್ದೆಯಲ್ಲೂ ಮುಚ್ಚದು. ಬೆಳಕು ತೋರಿದರೆ ನೀರಿನೊಳಗೂ ಕೆಂಡ. ಆದರೆ ಜನ ಇಟ್ಟ ಹೆಸರು ಕೇಳಿದರೆ ಆ ಕಣ್ಣೇ ನಗಬೇಕು."

"ಕುರುಡಿ" ಅಂದೆ.

ಹಿಂದಿನಿಂದ ಮುದುಕನ ಕತ್ತಿ ಕುತ್ತಿಗೆಗೆ ಬಂತು. "ರಾಣಿಯವರನ್ನೇ ಕುರುಡಿ ಅನ್ನುತ್ತೀಯೇನೋ?"

"ಮೀನಿನ ಹೆಸರು ಮಾರಾಯ. ಘಟ್ಟದ ಮೇಲಿನವನೋ ನೀನು?"

"ಕತ್ತಿ ಇಳಿಸು" ಅಂತು ದನಿ. "ಬಿಡಿಸಿ ಹೇಳು."

"ಕುರುಡಿ ಮೀನು ಹುಟ್ಟುವುದು ಅಳಿವೆಯ ಉಪ್ಪಿನಲ್ಲಿ. ಮರಿಯಾಗಿದ್ದಾಗಲೇ ಹೊಳೆ ಹತ್ತಿ ಸಿಹಿನೀರಲ್ಲಿ ಬೆಳೆಯುತ್ತದೆ, ಮೊಟ್ಟೆ ಇಡಲು ಮತ್ತೆ ಉಪ್ಪಿಗೆ ಇಳಿಯುತ್ತದೆ. ಅದು ತವರು. ಎರಡು ಮೊಳದೊಳಗಿನ ಬಲಿತ ಕುರುಡಿ ಕೊಯ್ದರೆ ಗಂಡು, ಅದಕ್ಕಿಂತ ದೊಡ್ಡದು ಕೊಯ್ದರೆ ಹೊಟ್ಟೆತುಂಬ ಮೊಟ್ಟೆ. ಎಳೆಯ ಹೆಣ್ಣನ್ನಾಗಲಿ ಮುದಿ ಗಂಡನ್ನಾಗಲಿ ನನ್ನ ಬಲೆ ಕಂಡಿಲ್ಲ. ಗಂಡೇ ಬೆಳೆದು ಹೆಣ್ಣಾಗುತ್ತದೆ. ಇನ್ನು ಆ ಕಣ್ಣು, ರಾತ್ರಿ ಸೂಡಿಯ ಬೆಂಕಿ ಹಿಡಿದು ಮೀನಿಗೆ ಹೋದವನನ್ನು ಕೇಳಿ ತಾಯಿ. ಮೂರಕ್ಕೂ ಒಂದೇ ಉತ್ತರ."

ನೀರು ಒಮ್ಮೆ ಅಲುಗಿತು. "ದೀಪ ತನ್ನಿ."

ಮುದುಕ ದೀಪ ತಂದ. ರಾಣಿ ಸೊಂಟದವರೆಗೆ ನೀರಿನಲ್ಲಿ ಕೂತಿದ್ದಳು. ಎರಡು ಕಣ್ಣೂ ಕೆಂಡ. ರೆಪ್ಪೆ ಬಡಿಯಲಿಲ್ಲ.

"ನಿನ್ನ ಅಣ್ಣನಿಗೂ ಗೊತ್ತಿತ್ತು" ಅಂದಳು. "ಉತ್ತರ ಅವನ ನಾಲಗೆಯ ತುದಿಗೇ ಬಂದಿತ್ತು. ಒಬ್ಬ ಹೆಂಗಸಿನ ಮುಂದೆ ಕುರುಡಿ ಅನ್ನುವುದು ಹೇಗೆ ಅಂತ ನುಂಗಿಕೊಂಡ. ಮರ್ಯಾದಸ್ಥ. ನಿನಗೆ ಆ ತೊಂದರೆಯಿಲ್ಲ. ಏನು ಬೇಕು? ಕೋಟೆಯೇ?"

"ಅಣ್ಣ ಬೇಕು."

"ಈಗ ಹೇಗಿದ್ದಾನೋ ಹಾಗೇ ಕೊಡುತ್ತೇನೆ. ಆಗಬಹುದೇ?"

"ಆಗಬಹುದು."

ಅವಳು ದೀಪವನ್ನು ನೀರಿನ ಮೇಲೆ ಹಿಡಿದಳು. ಮೆಟ್ಟಿಲುಗಳ ಕೆಳಗೆ, ಆಳದವರೆಗೂ, ಜೋಡಿ ಜೋಡಿ ಕೆಂಡ. ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಅದರಲ್ಲಿ ಒಂದು ಜೋಡಿ ಮೇಲಕ್ಕೆ ಬರತೊಡಗಿತು. ಐದನೇ ಮೆಟ್ಟಿಲಲ್ಲಿ ತಲೆ ಕಂಡಿತು, ನಾಲ್ಕನೆಯದರಲ್ಲಿ ಹೆಗಲು.

"ಅತ್ತಿಗೆ ಕಾಯುತ್ತಿದ್ದಾಳೆ, ನಡಿ" ಅಂದೆ.

"ರಾಣಿಯವರ ಮುಖಕ್ಕೇ ಆ ಮಾತು ಹೇಳಿದೆಯಾ?" ಅಂದ. ದನಿ ಅಣ್ಣನದೇ.

ಈಗ ಅವನು ಮನೆಯಲ್ಲಿದ್ದಾನೆ. ಉಣ್ಣುತ್ತಾನೆ, ನಗುತ್ತಾನೆ, ಕಣ್ಣು ತೆರೆದೇ ಮಲಗುತ್ತಾನೆ. ಅತ್ತಿಗೆ ದೀಪ ಹಚ್ಚಿದರೆ ಅವನ ಕಡೆಗೆ ಬೆನ್ನು ಮಾಡಿ ಹಚ್ಚುತ್ತಾಳೆ, ಆದರೆ ಕರಿಮಣಿ ಅವಳ ಕೊರಳಲ್ಲೇ ಇದೆ. ಕೋಟೆ ಕೊಡಲಿಲ್ಲ, ದೋಣಿ ಕೊಡಲಿಲ್ಲ. ನನಗೆ ಕೊಟ್ಟದ್ದು ನನ್ನ ಅಣ್ಣ ದುಗ್ಗನನ್ನು.