ಕಾಟಿಗಳು ಕುಡಿಯುವ ಕೆರೆ

"ಗುರುಗಳೇ, ನಮ್ಮ ಪ್ರೀತಿಯ ಅರಿವೇ ಇಲ್ಲದವರಿಗಾಗಿ ಏಕೆ ಕಷ್ಟಪಡಬೇಕು? ಅದರಿಂದ ಸಿಗುವುದಾದರೂ ಏನು?" ಎಂದು ಪುಟ್ಟಮಲ್ಲನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಾಡಂಚಿನಲ್ಲಿ ಒಬ್ಬ ದನಗಾಹಿ ಇದ್ದ. ಅವನಿಗೆ ಹದಿನಾಲ್ಕು ದನ. ಬೇಸಿಗೆಯಲ್ಲಿ ಸುತ್ತಲಿಗೆಲ್ಲ ಒಂದೇ ಕೆರೆ. ಈಚೆ ದಡದಲ್ಲಿ ಅವನ ದನ ಕುಡಿಯುತ್ತಿದ್ದವು, ಆಚೆ ದಡದಲ್ಲಿ ಕಾಡುಕೋಣಗಳು. ಆ ಸೀಮೆಯವರು ಅವನ್ನು ಕಾಟಿ ಎನ್ನುತ್ತಿದ್ದರು. ಅವನ ಅಜ್ಜನ ಕಾಲದಲ್ಲಿ ದನದ ರೋಗವೊಂದು ಕಾಡಿಗೆ ಹೊಕ್ಕು, ಕಾಟಿಗಳು ಆ ಕೆರೆಯ ದಂಡೆಯಲ್ಲೇ ಸಾಲಾಗಿ ಬಿದ್ದಿದ್ದವಂತೆ. ಈಗ ಇಡೀ ಕಾಡಿಗೆ ಉಳಿದಿದ್ದುದು ಒಂಬತ್ತು.

ಒಂದು ಬೇಸಿಗೆ ಅವನ ದನಗಳಿಗೆ ರೋಗ ಬಂತು. ಬಾಯಿ ಹುಣ್ಣಾಯಿತು. ಗೊರಸು ಒಡೆದು ಕುಂಟತೊಡಗಿದವು. ಅವನು ಎಲ್ಲವನ್ನೂ ಹಟ್ಟಿಯೊಳಗೆ ಕೂಡಿ ಬಾಗಿಲಿಗೆ ಅಗುಳಿ ಹಾಕಿದ; ಒಂದನ್ನೂ ಕೆರೆಗೆ ಬಿಡಲಿಲ್ಲ.

ಹೆಂಡತಿ ಸಿಟ್ಟಾದಳು. "ಇವು ಬಾಯಾರಿ ಸಾಯಬೇಕೇ? ಆ ಕಾಟಿಗಳು ನಮಗೇನಾಗಬೇಕು?"

"ಏನೂ ಆಗಬೇಕಿಲ್ಲ ಕಣೆ. ನಮ್ಮದೊಂದು ಹಸು ಹೋದರೆ ಸಂತೆಯಲ್ಲಿ ಇನ್ನೊಂದು ಸಿಗುತ್ತದೆ. ಅವು ಹೋದರೆ ಯಾವ ಸಂತೆಗೆ ಹೋಗಲಿ?"

ಅವಳು ಹಳೆಯ ಸೀರೆ ಹರಿದು, ಕೊಡ ಹೊರಲು ತಲೆಗೆ ಸಿಂಬೆ ಸುತ್ತಿದಳು.

ಅಂದಿನಿಂದ ಅವನು ಕೆರೆಯತ್ತ ಹೋಗಲಿಲ್ಲ, ಅವಳು ಹಟ್ಟಿಯತ್ತ ಬರಲಿಲ್ಲ. ಅವಳು ನೀರು ಹೊತ್ತು ಅರ್ಧ ದಾರಿಯ ಹೊಂಗೆ ಮರದವರೆಗೆ ಬರುವಳು. ಅಲ್ಲಿ ತನ್ನ ಕೊಡದಿಂದ ಅವನ ಕೊಡಕ್ಕೆ ಎತ್ತರದಿಂದ ಸುರಿಯುವಳು. ರೋಗ ಕೆರೆಗೆ ದಾಟೀತೆಂದು ಕೊಡಕ್ಕೆ ಕೊಡ ತಾಗಿಸುವಂತಿರಲಿಲ್ಲ, ಕೈಗೆ ಕೈಯೂ. ಹಸಿ ಹುಲ್ಲಿನ ಹೊರೆಯನ್ನೂ ಅವನ ಅಂಬಲಿಯನ್ನೂ ಅಲ್ಲೇ ಇಳಿಸುವಳು. "ಬಡವಾಗಿದ್ದೀಯ" ಎಂದು ಅವನು ಅನ್ನುವನು. "ನೀನೇನು ಕಡಿಮೆಯೇ?" ಎಂದು ಅವಳು ನಗುವಳು. ಹೀಗೆ ಒಂದೂವರೆ ತಿಂಗಳು ಕಳೆಯಿತು. ಎರಡು ಹಸುಗಳು ಸತ್ತವು. ಅದರಲ್ಲೊಂದನ್ನು ಅವಳು ತವರಿನಿಂದ ಹೊಡೆದುಕೊಂಡು ಬಂದಿದ್ದಳು. ಅದನ್ನು ಹೂಳುವಾಗ ಅವನು ಅತ್ತ. ಮರದ ಬಳಿ ಸುದ್ದಿ ಕೇಳಿ ಅವಳೂ ಅತ್ತಳು. ಮರುದಿನ ಮತ್ತೆ ಕೊಡ ಹೊತ್ತು ಬಂದಳು.

ಮಳೆ ಬಿತ್ತು. ರೋಗ ಇಳಿಯಿತು. ಉಳಿದ ಹನ್ನೆರಡು ದನ ಮೇವು ಮೆಲುಕು ಹಾಕತೊಡಗಿ ಎಷ್ಟೋ ದಿನ ಕಳೆದ ಮೇಲೆ ಅವನು ಮಿಂದು, ಬೇರೆ ಬಟ್ಟೆ ಉಟ್ಟು, ಹೆಂಡತಿಯ ಜೊತೆ ಕೆರೆಗೆ ಹೋದ. ಆಚೆ ದಡದಲ್ಲಿ ಕಾಟಿಗಳು ನಿಂತಿದ್ದವು. ತಾಯಿಯ ಹೊಟ್ಟೆಯಡಿ ಒಂದು ಹೊಸ ಕರು. ದೊಡ್ಡ ಕಾಟಿ ತಲೆಯೆತ್ತಿ ಇವರನ್ನು ಕಂಡು ಬುಸುಗುಟ್ಟಿತು. ಕೂಡಲೇ ಇಡೀ ಹಿಂಡು ಗುಡ್ಡ ಹತ್ತಿ ಓಡಿತು. ಕರುವೂ ನೆಗೆಯುತ್ತ ಓಡಿತು.

ದನಗಾಹಿ ದಂಡೆಯ ಮೇಲೆ ಕುಳಿತುಬಿಟ್ಟ. ಹೆಂಡತಿಯ ಕೈ ಹಿಡಿದುಕೊಂಡು, "ನೋಡಿದೆಯಾ, ಒಂದೂ ಕುಂಟಲಿಲ್ಲ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಪುಟ್ಟಮಲ್ಲನಿಗೆ ತಡೆಯಲಾಗಲಿಲ್ಲ.

"ಅಷ್ಟೆಲ್ಲ ಮಾಡಿದವನನ್ನು ಕಂಡು ಹೆದರಿ ಓಡಿದವೇ? ಹಾಗಾದರೆ ಅವನಿಗೆ ಸಿಕ್ಕಿದ್ದೇನು?"

"ಆ ಓಟ" ಎಂದರು ಗುರುಗಳು.